ಮನೆಮಾತು ಮತ್ತು ಇಂಗ್ಲಿಷ್ ಜ್ಞಾನ: ಅಂಕಿಅಂಶಗಳನ್ನು ಓದುವ ಬಗೆ

ಹೊಸ ಮಾರುಕಟ್ಟೆಯನ್ನು ಪ್ರವೇಶಿಸುವ ಉದ್ಯಮಿಗಳು ಅಲ್ಲಿನ ಜನಸಂಖ್ಯೆ ಮತ್ತು ಆದಾಯದೊಂದಿಗೆ ಭಾಷೆಯ ವಿವರಗಳನ್ನೂ ಪರಿಶೀಲಿಸಬೇಕಾಗುತ್ತದೆ. ಇವುಗಳನ್ನು ತಪ್ಪಾಗಿ ಅರ್ಥೈಸಿದಲ್ಲಿ ಅನುವಾದಕ್ಕೆ ಅನಗತ್ಯ ವೆಚ್ಚವಾದೀತು. ಇಲ್ಲವೇ ಅಗತ್ಯವಿರುವೆಡೆ ವೆಚ್ಚ ಮಾಡದೆ ಗ್ರಾಹಕರು ಕೈತಪ್ಪಿಯಾರು. ಅಮೆರಿಕದ ಒಹಾಯೊ ರಾಜ್ಯದ ಹೋಮ್ಸ್ ಕೌಂಟಿ ಇದಕ್ಕೆ ಉತ್ತಮ ನಿದರ್ಶನ. ಕೌಂಟಿ ಎಂದರೆ ಸ್ಥೂಲವಾಗಿ ಭಾರತದ ಜಿಲ್ಲೆಯಂತಹ ಆಡಳಿತ ಘಟಕ.

2020ರ ಜನಗಣತಿಯಂತೆ 44,223 ಜನರಿದ್ದ ಈ ಗ್ರಾಮೀಣ ಪ್ರದೇಶದಲ್ಲಿ ಅರ್ಧಕ್ಕೆ ಸಮೀಪದಷ್ಟು ಜನ ಆಮಿಷ್ ಎಂಬ ಕ್ರೈಸ್ತ ಪಂಗಡಕ್ಕೆ ಸೇರಿದವರು. ಅವರ ಮನೆಮಾತು ‘ಪೆನ್ಸಿಲ್ವೇನಿಯಾ ಡಚ್’; ಹೆಸರು ಹೀಗಿದ್ದರೂ ಅದು ಜರ್ಮನ್ ಮೂಲದ ಭಾಷೆ. ಮಕ್ಕಳು ಇಂಗ್ಲಿಷನ್ನು ಮುಖ್ಯವಾಗಿ ಶಾಲೆಯಲ್ಲಿ ಕಲಿಯುತ್ತಾರೆ. ವ್ಯವಸಾಯ, ಮರಗೆಲಸ, ಪೀಠೋಪಕರಣಗಳ ತಯಾರಿಕೆ ಇವರ ಪ್ರಮುಖ ಉದ್ಯೋಗಗಳು. ಹೊರಗಿನವರೊಡನೆ ವ್ಯಾಪಾರ ನಡೆಯುವುದು ಇಂಗ್ಲಿಷಿನಲ್ಲಿಯೇ.

ಅಮೆರಿಕದ ಜನಗಣತಿ ಇಲಾಖೆಯು ‘ಅಮೆರಿಕನ್ ಕಮ್ಯುನಿಟಿ ಸರ್ವೆ’ ಎಂಬ ಮಾದರಿ ಸಮೀಕ್ಷೆಯಲ್ಲಿ 5 ವರ್ಷ ಮತ್ತು ಮೇಲ್ಪಟ್ಟವರ ಕುರಿತು ಎರಡು ಬೇರೆ ಬೇರೆ ವಿವರಗಳನ್ನು ಸಂಗ್ರಹಿಸುತ್ತದೆ. ಮನೆಯಲ್ಲಿ ಇಂಗ್ಲಿಷೇತರ ಭಾಷೆಯನ್ನಾಡುವರೇ ಎಂಬುದು ಮೊದಲನೆಯದು. ಹಾಗಿದ್ದಲ್ಲಿ ಇಂಗ್ಲಿಷನ್ನು ಎಷ್ಟು ಬಲ್ಲರು ಎಂಬುದು ಎರಡನೆಯದು. ಇದಕ್ಕೆ ‘ಬಹಳ ಚೆನ್ನಾಗಿ’, ‘ಚೆನ್ನಾಗಿ’, ‘ಅಷ್ಟೇನೂ ಚೆನ್ನಾಗಿ ಇಲ್ಲ’, ‘ಸ್ವಲ್ಪವೂ ಇಲ್ಲ’ ಎಂಬ ನಾಲ್ಕು ಉತ್ತರಗಳಿವೆ. ಮೊದಲ ಉತ್ತರ ನೀಡಿದವರನ್ನು ಬಿಟ್ಟು ಉಳಿದವರೆಲ್ಲರನ್ನೂ ಸೀಮಿತ ಇಂಗ್ಲಿಷ್ ಬಲ್ಲವರೆಂದು ಪರಿಗಣಿಸುವುದು ವಾಡಿಕೆ.

ಉದಾಹರಣೆಗೆ, 100 ಜನರಲ್ಲಿ 40 ಜನರ ಮನೆಮಾತು ಬೇರೆಯಾಗಿದ್ದು, ಅವರಲ್ಲಿ 30 ಜನ ‘ಬಹಳ ಚೆನ್ನಾಗಿ’ ಎಂದಿದ್ದಾರೆಂದು ಭಾವಿಸೋಣ. ಆಗ ಸೀಮಿತ ಇಂಗ್ಲಿಷ್ ಬಲ್ಲವರು 10 ಜನ ಮಾತ್ರ. 40ನ್ನೇ ಆಧಾರವಾಗಿರಿಸಿಕೊಂಡು ವೆಚ್ಚ ನಿಗದಿಪಡಿಸುವುದು ಒಟ್ಟು ಲಾಭವನ್ನೇ ನಿವ್ವಳ ಲಾಭವೆಂದು ತಿಳಿದಂತೆ.

ಈ 10ನ್ನೂ ವಿಮರ್ಶಿಸಿಯೇ ಸ್ವೀಕರಿಸಬೇಕು. ಮೊದಲನೆಯದಾಗಿ, ಇದು ಪರೀಕ್ಷೆಯ ಫಲಿತಾಂಶವಲ್ಲ, ಉತ್ತರಿಸಿದವರ ಅಭಿಪ್ರಾಯ. ಮನೆಯ ಒಬ್ಬರೇ ಎಲ್ಲರ ಪರವಾಗಿ ಉತ್ತರಿಸಿರಬಹುದು. ಎರಡನೆಯದಾಗಿ, ಈಗಷ್ಟೇ ಶಾಲೆಗೆ ಸೇರಿದ ಮಕ್ಕಳೂ ಇದರಲ್ಲಿ ಸೇರಿರುತ್ತಾರೆ. ದೊಡ್ಡ ಕುಟುಂಬಗಳಿರುವ ಆಮಿಷ್ ಸಮುದಾಯದಲ್ಲಿ ಇದು ಗಮನಾರ್ಹ. ಆದ್ದರಿಂದ 18 ವರ್ಷ ಮೇಲ್ಪಟ್ಟವರ ಅಂಕಿಗಳನ್ನು ಪ್ರತ್ಯೇಕವಾಗಿ ನೋಡುವುದು ಸೂಕ್ತ. ಮೂರನೆಯದಾಗಿ, 65,000ಕ್ಕಿಂತ ಕಡಿಮೆ ಜನಸಂಖ್ಯೆಯ ಕೌಂಟಿಗಳಿಗೆ ಐದು ವರ್ಷಗಳ ಮಾಹಿತಿಯನ್ನು ಒಟ್ಟುಗೂಡಿಸಿದ ಅಂದಾಜನ್ನು ಅವಲಂಬಿಸಬೇಕಾಗುತ್ತದೆ. ಅದರೊಂದಿಗೆ ಪ್ರಕಟವಾಗುವ ದೋಷಮಿತಿಯನ್ನು ಕಡೆಗಣಿಸಲಾಗದು.

ಭಾರತದ 2011ರ ಜನಗಣತಿಯಲ್ಲಿ ಮಾತೃಭಾಷೆಯನ್ನೂ, ಬಲ್ಲ ಇತರ ಎರಡು ಭಾಷೆಗಳವರೆಗಿನ ವಿವರವನ್ನೂ ದಾಖಲಿಸಲಾಯಿತು; ಎಷ್ಟು ಬಲ್ಲರೆಂದು ಕೇಳಲಿಲ್ಲ. ಹೀಗಾಗಿ ಕರ್ನಾಟಕದ ಗಡಿ ಜಿಲ್ಲೆಗಳಲ್ಲಿ ವ್ಯವಹರಿಸುವವರಿಗೆ ಇಂತಹ ನಿವ್ವಳ ಅಂಕಿ ಸಿದ್ಧವಾಗಿ ದೊರೆಯದು. ಮಾತೃಭಾಷೆಯ ಕೋಷ್ಟಕವನ್ನಷ್ಟೇ ನಂಬದೆ, ಗ್ರಾಹಕರು ಬಿಲ್ಲು, ಕರಾರುಪತ್ರ ಮತ್ತು ಬಳಕೆಯ ಸೂಚನೆಗಳನ್ನು ಯಾವ ಭಾಷೆಯಲ್ಲಿ ಓದಬಲ್ಲರೆಂಬುದನ್ನು ಸ್ಥಳದಲ್ಲಿಯೇ ವಿಚಾರಿಸಿ ನಿರ್ಧರಿಸುವುದು ಲೇಸು.