ವಿನೆಗರ್ ವಾಸನೆಯ ಸುರುಳಿಗಳು

ಹಳೆಯ ಮೈಕ್ರೋಫಿಲ್ಮ್ ಡಬ್ಬಿಯ ಮುಚ್ಚಳ ತೆಗೆದೊಡನೆ ವಿನೆಗರ್ ಘಾಟು ಮೂಗಿಗೆ ಬಡಿದರೆ, ಫಿಲ್ಮಿನ ಮೇಲೆ ಕುಗ್ಗಿಸಿ ಒಳಗಿಟ್ಟ ಪತ್ರಿಕೆಗಳಿಗೆ ಆಪತ್ತು ಶುರುವಾಗಿದೆ ಎಂದೇ ಅರ್ಥ. ಅಕ್ಷರಗಳದ್ದೇನೂ ತಪ್ಪಿಲ್ಲ. ಅವು ಜೆಲಟಿನ್ ಪದರದಲ್ಲಿ ಕೂತ ಬೆಳ್ಳಿಯ ಕಣಗಳು, ಬಹುಕಾಲ ಬಾಳುವಂಥವು. ಕೆಡುವುದು ಅವನ್ನು ಹೊತ್ತ ಸೆಲ್ಯುಲೋಸ್ ಅಸಿಟೇಟ್ ಪಟ್ಟಿ. ಗಾಳಿಯ ತೇವಕ್ಕೆ ಅಸಿಟೇಟ್ ಒಡೆದು ಅಸಿಟಿಕ್ ಆಮ್ಲ ಹುಟ್ಟುತ್ತದೆ. ಹುಟ್ಟಿದ ಆಮ್ಲವೇ ಉಳಿದ ಅಸಿಟೇಟನ್ನೂ ಒಡೆಯತೊಡಗುತ್ತದೆ. ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಆಮ್ಲಕ್ಕೆ ಹೊರದಾರಿಯಿಲ್ಲ, ಹಾಗಾಗಿ ನಾಶದ ವೇಗ ಏರುತ್ತಲೇ ಹೋಗುತ್ತದೆ. ಪಟ್ಟಿ ಕುಗ್ಗುತ್ತದೆ, ಜೆಲಟಿನ್ ಅಷ್ಟು ಕುಗ್ಗದೆ ಸುಕ್ಕುಗಟ್ಟಿ ಮೇಲೇಳುತ್ತದೆ. ನಮ್ಮ ಕರಾವಳಿಯಂಥ ಸೆಕೆ, ತೇವದ ಹವೆಯಲ್ಲಿ ಇದೆಲ್ಲ ಇನ್ನೂ ಬೇಗ.

ಸಂಕಟದ ಸಂಗತಿಯೆಂದರೆ, ಫಿಲ್ಮ್ ಮಾಡಿಸಿದ ಮೇಲೆ ಅಮೆರಿಕದ ಅನೇಕ ಗ್ರಂಥಾಲಯಗಳು ಜಾಗ ಉಳಿಸಲು ಮೂಲ ಪತ್ರಿಕೆಗಳನ್ನೇ ಹೊರಹಾಕಿದವು. ಅಂಥ ಕಡೆ ಸುರುಳಿ ಹೋದರೆ ಪತ್ರಿಕೆಯೂ ಹೋದಂತೆ.

ಆದರೂ ಮೈಕ್ರೋಫಿಲ್ಮನ್ನು ಹಳತೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದನ್ನು ಓದುವ ಯಂತ್ರ ಅಷ್ಟು ಸರಳ: ಒಂದು ದೀಪ, ಎರಡು ಗಾಜುಗಳ ನಡುವೆ ಸರಿಯುವ ಫಿಲ್ಮ್, ಒಂದು ಮಸೂರ, ಬಿಂಬ ಮೂಡಲು ಪರದೆ. 1870-71ರಲ್ಲಿ ಪ್ರಷ್ಯದ ಸೇನೆ ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿದ್ದಾಗ ರೆನೆ ದಾಗ್ರೋನ್ ಎಂಬ ಛಾಯಾಗ್ರಾಹಕ ಸಾವಿರಾರು ಸಂದೇಶಗಳನ್ನು ಪುಟ್ಟ ಫಿಲ್ಮಿನ ಮೇಲೆ ಕುಗ್ಗಿಸಿದ. ಪಾರಿವಾಳಗಳು ಅದನ್ನು ನಗರದೊಳಗೆ ತಂದವು. ಅಲ್ಲಿ ದೀಪದ ಯಂತ್ರದಿಂದ ಪರದೆಯ ಮೇಲೆ ದೊಡ್ಡದಾಗಿ ಬೀಳಿಸಿ, ಗುಮಾಸ್ತರು ನೋಡಿ ನೋಡಿ ನಕಲು ಮಾಡಿಕೊಂಡರು. ಇಂದಿನ ಯಂತ್ರವೂ ಮೂಲದಲ್ಲಿ ಅದೇ.

ಇದಕ್ಕೆ ತದ್ವಿರುದ್ಧ ಬಿಬಿಸಿಯ ಡೂಮ್ಸ್‌ಡೇ ಯೋಜನೆ. ಅದೇ ಹೆಸರಿನ, 1086ರ ಇಂಗ್ಲೆಂಡಿನ ಭೂದಾಖಲೆಯ ಒಂಬೈನೂರನೇ ವರ್ಷಕ್ಕೆಂದು 1986ರಲ್ಲಿ ಬ್ರಿಟನ್ನಿನ ಜನಜೀವನವನ್ನು ಲೇಸರ್‌ಡಿಸ್ಕುಗಳಿಗೆ ತುಂಬಿದರು. 2002ರ ಹೊತ್ತಿಗೆ ಆ ಡಿಸ್ಕುಗಳನ್ನು ಓದಬಲ್ಲ ಯಂತ್ರಗಳೇ ಅಪರೂಪವಾಗಿದ್ದವು. ಹಳೆಯ ಯಂತ್ರವನ್ನು ಹೊಸ ಕಂಪ್ಯೂಟರಿನೊಳಗೆ ಅನುಕರಿಸಿ ಆ ಮಾಹಿತಿಯನ್ನು ಉಳಿಸಿಕೊಳ್ಳಬೇಕಾಯಿತು. ಚರ್ಮದ ಹಾಳೆಯ ಮೇಲಿನ 1086ರ ಬರಹವನ್ನು ಬಲ್ಲವರು ಇಂದಿಗೂ ಬರಿಗಣ್ಣಿನಲ್ಲೇ ಓದುತ್ತಾರೆ.

ಅಸಿಟೇಟಿನ ಜಾಗಕ್ಕೆ ಬಂದ ಪಾಲಿಯೆಸ್ಟರ್ ಫಿಲ್ಮಿಗೆ ತಂಪಾದ, ಒಣ ಕೋಣೆಯಲ್ಲಿ ಐನೂರು ವರ್ಷದ ಆಯುಸ್ಸು ಎನ್ನುತ್ತಾರೆ. ಅಷ್ಟು ಕಾಲ ಯಾರೂ ಕಾದು ನೋಡಿಲ್ಲ. ಹೆಚ್ಚಿನ ಬಿಸಿಯಲ್ಲಿಟ್ಟು, ಕೆಡುವ ವೇಗ ಅಳೆದು ಕಟ್ಟಿದ ಲೆಕ್ಕ ಅದು. ಕಂಪ್ಯೂಟರ್ ಲೋಕವೂ ಇಂಥ ಲೆಕ್ಕವನ್ನು ನಂಬಿದೆ. 2020ರಲ್ಲಿ ಗಿಟ್‌ಹಬ್ ಸಂಸ್ಥೆ 21 ಟೆರಾಬೈಟ್ ತಂತ್ರಾಂಶವನ್ನು 186 ಫಿಲ್ಮ್ ಸುರುಳಿಗಳಲ್ಲಿ ಅಚ್ಚೊತ್ತಿಸಿ, ಉತ್ತರ ಧ್ರುವಕ್ಕೆ ಸಮೀಪದ ಸ್ವಾಲ್ಬಾರ್ಡ್‌ನ ಹಳೆಯ ಕಲ್ಲಿದ್ದಲು ಗಣಿಯಲ್ಲಿ ಇರಿಸಿತು. ಬಹುಪಾಲು ಮಾಹಿತಿ ಸಂಕೇತರೂಪದಲ್ಲಿದೆ. ಅದನ್ನು ಬಿಡಿಸಿ ಓದುವ ಬಗೆಯನ್ನು ಮಾತ್ರ, ಮಸೂರ ಹಿಡಿದ ಯಾರೇ ಆದರೂ ಓದಬಹುದಾದ ಅಕ್ಷರಗಳಲ್ಲಿ ಫಿಲ್ಮಿನ ಮೇಲೆಯೇ ಬರೆದಿಟ್ಟಿದ್ದಾರೆ.