ದ್ವೀಪದ ದಿನಸಿ ಹೊತ್ತ ಮಂಜಿಗಳು

ಇಡಗುಂದಿಗೂ ಅಮಿನಿ ದ್ವೀಪಕ್ಕೂ ಒಂದು ಕಾಲದಲ್ಲಿ ಒಂದೇ ಜಿಲ್ಲಾ ಕಚೇರಿ ಇತ್ತು ಎಂದರೆ ನಮ್ಮೂರಿನಲ್ಲಿ ಯಾರೂ ನಂಬಲಿಕ್ಕಿಲ್ಲ. ನಮ್ಮದು ಯಲ್ಲಾಪುರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ, ಅರಬೈಲ್ ಘಟ್ಟದ ಮಗ್ಗುಲಿಗೆ ಸಿಗುವ ಅಡಿಕೆ ತೋಟಗಳ ಊರು. ಲಕ್ಷದ್ವೀಪದ ಅಮಿನಿ ಇರುವುದು ಮಂಗಳೂರಿನಿಂದ ನೈಋತ್ಯಕ್ಕೆ ಸುಮಾರು 300 ಕಿಲೋಮೀಟರ್ ಆಚೆ, ಅರಬ್ಬಿ ಸಮುದ್ರದ ನಟ್ಟನಡುವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಕೈಯಲ್ಲಿದ್ದ ಕರಾವಳಿ, ಸೋಂದೆ ಸೀಮೆಯ ಕಾಡು, ಅಮಿನಿ ಗುಂಪಿನ ದ್ವೀಪಗಳು ಎಲ್ಲವೂ ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. ಥಾಮಸ್ ಮನ್ರೋ ಕೆನರಾದ ಮೊದಲ ಕಲೆಕ್ಟರ್ ಆಗಿ ಬಂದ. ಘಟ್ಟದ ಮೇಲಿನ ಭತ್ತದ ತೀರುವೆಯೂ ದ್ವೀಪದ ತೆಂಗಿನ ಲೆಕ್ಕವೂ ಮಂಗಳೂರಿಗೇ ಸೇರತೊಡಗಿದವು.

1860ರ ಹೊತ್ತಿಗೆ ಕೆನರಾ ಎರಡಾಯಿತು. 1862ರಲ್ಲಿ ಉತ್ತರದ ಪಾಲು ಮುಂಬೈ ಪ್ರಾಂತ್ಯಕ್ಕೆ ಹೋಯಿತು. ಧಾರವಾಡದ ಹತ್ತಿಯನ್ನು ಕಾರವಾರದ ಬಂದರಿಗೆ ಇಳಿಸಿಕೊಳ್ಳಬೇಕು ಎಂದು ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು ಹಟ ಹಿಡಿದಿದ್ದ ಕಾಲ ಅದು. ಹತ್ತಿ ಗಾಡಿಗಳು ಅರಬೈಲ್ ಇಳಿದು ಹೋದವು. ಮುಂದೆ 1880ರ ದಶಕದಲ್ಲಿ ರೈಲು ಗೋವೆಯ ಮುರಗಾಂವಿಗೆ ಹೊರಳಿದ ಮೇಲೆ ಆ ಸಂಭ್ರಮವೂ ಮುಗಿಯಿತು. ದ್ವೀಪಗಳು ಮಾತ್ರ ದಕ್ಷಿಣ ಕೆನರಾದ ಜೊತೆ ಮದ್ರಾಸ್ ಪ್ರಾಂತ್ಯದಲ್ಲೇ ಉಳಿದವು, ಮಂಗಳೂರಿನ ಅಕ್ಕಿಯನ್ನು ನಂಬಿಕೊಂಡು.

ಹಾಯಿದೋಣಿಯನ್ನೇ ಮನೆ ಮಾಡಿಕೊಂಡು ದ್ವೀಪದಿಂದ ದ್ವೀಪಕ್ಕೆ ಅಲೆಯುವ ವಿದೇಶಿ ದಂಪತಿಗಳ ವಿಡಿಯೋಗಳನ್ನು ಈಗ ಮೊಬೈಲಿನಲ್ಲಿ ಯಾರು ಬೇಕಾದರೂ ನೋಡಬಹುದು. ಮೊಟ್ಟೆಗೆ ವ್ಯಾಸಲಿನ್ ಸವರಿಟ್ಟರೆ ಎಷ್ಟು ವಾರ ಕೆಡುವುದಿಲ್ಲ, ಕ್ಯಾಬೇಜನ್ನು ಎಲ್ಲಿ ತೂಗುಹಾಕಬೇಕು, ಮುಂದಿನ ದ್ವೀಪದಲ್ಲಿ ಹಿಟ್ಟು ಸಿಗುತ್ತದೋ ಇಲ್ಲವೋ ಎಂಬ ಚರ್ಚೆ ಅವುಗಳಲ್ಲಿ ಸಮುದ್ರಕ್ಕಿಂತ ಹೆಚ್ಚಾಗಿರುತ್ತದೆ. ನನಗೆ ಅವು ಇಷ್ಟವೇ. ಆದರೆ ಅಮಿನಿಯಂಥ ದ್ವೀಪಗಳಿಗೆ ದಿನಸಿ ಮುಟ್ಟಿಸುವ ಕೆಲಸವನ್ನೇ ಹೊಟ್ಟೆಪಾಡು ಮಾಡಿಕೊಂಡು, ವರ್ಷದಲ್ಲಿ ಎಂಟು ತಿಂಗಳು ಮರದ ಹಡಗಿನ ಮೇಲೆಯೇ ಉಂಡು ಮಲಗುವವರು ನಮ್ಮ ರಾಜ್ಯದ ಬಂದರಿನಲ್ಲೇ ಇದ್ದಾರೆ. ಮಂಗಳೂರಿನ ಹಳೆ ಬಂದರಿನ ಧಕ್ಕೆಯಲ್ಲಿ ಅವರ ಹಡಗನ್ನು ಮಂಜಿ ಎನ್ನುತ್ತಾರೆ. ಮಂಜಿ ಮುಳುಗಿದ ದಿನ ಬಿಟ್ಟರೆ ಪತ್ರಿಕೆಗಳಲ್ಲಿ ಅವರ ಸುದ್ದಿ ಬರುವುದು ಅಪರೂಪ.

ಮಂಜಿ ಯಾಕೆ ಬೇಕಾಯಿತು ಎಂದು ತಿಳಿಯಲು ದ್ವೀಪದ ನೆಲ ನೋಡಬೇಕು. ಲಕ್ಷದ್ವೀಪದ 36 ದ್ವೀಪಗಳನ್ನು ಒಟ್ಟು ಸೇರಿಸಿದರೂ 32 ಚದರ ಕಿಲೋಮೀಟರ್. ಜನವಸತಿ ಇರುವುದು ಹತ್ತರಲ್ಲಿ. ನೆಲವೆಂದರೆ ಹವಳದ ಪುಡಿ. ಗದ್ದೆ ಮಾಡಲು ಮಣ್ಣಿಲ್ಲ, ಹೊಳೆಯಿಲ್ಲ. ಮಳೆನೀರು ಹವಳದ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ. ಬಾವಿಯಿಂದ ಸ್ವಲ್ಪ ಹೆಚ್ಚು ಎತ್ತಿದರೆ ಉಪ್ಪು ಮೇಲೇರುತ್ತದೆ. ಕವರತ್ತಿಯಲ್ಲಿ ಸಮುದ್ರದ ನೀರನ್ನು ದಿನಕ್ಕೆ ಒಂದು ಲಕ್ಷ ಲೀಟರಿನಷ್ಟು ಸಿಹಿಯಾಗಿಸುವ ಘಟಕ ಬಂದದ್ದು 2005ರಲ್ಲಿ. ಅಲ್ಲಿ ಬೆಳೆಯುವುದು ತೆಂಗು, ಒಂದಿಷ್ಟು ಬಾಳೆ, ನುಗ್ಗೆ, ದೀವಿ ಹಲಸು. ಮೀನಿಗೆ ಬರವಿಲ್ಲ. ಅನ್ನ ಮಾತ್ರ ಸಮುದ್ರ ದಾಟಿ ಬರಬೇಕು.

ಮೊದಲು ಆ ಅನ್ನ ತಂದವರು ದ್ವೀಪದವರೇ. ಹಲಗೆಗಳನ್ನು ಕತ್ತದ ಹುರಿಯಿಂದ ಹೊಲಿದು ಕಟ್ಟಿದ ಓಡಂ ಎಂಬ ಹಾಯಿದೋಣಿಗಳಲ್ಲಿ ಅವರು ಮಂಗಳೂರಿಗೂ ಮಲಬಾರಿಗೂ ಬರುತ್ತಿದ್ದರು. ದಾರಿಗೆ ನಕ್ಷತ್ರಗಳು, ಜೊತೆಗೆ ರಹಮಾನಿ ಎಂಬ ಕೈಬರಹದ ಪುಸ್ತಕ. ಯಾವ ನಕ್ಷತ್ರ ಯಾವ ಎತ್ತರದಲ್ಲಿದ್ದರೆ ಯಾವ ದ್ವೀಪ ಹತ್ತಿರ ಎಂಬ ಲೆಕ್ಕ ಅದರಲ್ಲಿರುತ್ತಿತ್ತು. ನೀರಿಗಿಂತ ಕೆಲವೇ ಮೀಟರ್ ಮೇಲಿರುವ ದ್ವೀಪ, ತೆಂಗಿನ ತಲೆಗಳು ಕಂಡರೆ ಕಂಡವು. ರಾತ್ರಿ ತಪ್ಪಿದರೆ ಮುಂದೆ ಆಫ್ರಿಕದವರೆಗೂ ಬರೀ ನೀರು. ಬರುವಾಗ ಕತ್ತದ ಹುರಿ, ಕೊಬ್ಬರಿ, ಒಣಗಿಸಿದ ಸೂರೆ ಮೀನು, ತೆಂಗಿನ ಬೆಲ್ಲ. ಹೋಗುವಾಗ ಅಕ್ಕಿ, ಅಡಿಕೆ, ಹೊಗೆಸೊಪ್ಪು, ಬಟ್ಟೆ. ಹುರಿ ಮಾಡುವುದು ಹೆಂಗಸರ ಕೆಲಸ. ಲಗೂನಿನ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹೂತು ಕೊಳೆಸಿದ ಸಿಪ್ಪೆಯನ್ನು ಬಡಿದು, ಅಂಗೈಯಲ್ಲಿ ಹೊಸೆದು ಅವರು ಮಾಡಿದ ಹುರಿಯೇ ದ್ವೀಪದ ರೊಕ್ಕ.

ರೊಕ್ಕ ಎಂದೆನಲ್ಲ, ಅದರ ಮೇಲೆ ದೊರೆಗಳ ಕಣ್ಣು ಬೀಳದೆ ಇರುತ್ತದೆಯೇ? ಹದಿನೆಂಟನೇ ಶತಮಾನದಲ್ಲಿ ಕಣ್ಣೂರಿನ ಅರಕ್ಕಲ್ ಮನೆತನ ಈ ದ್ವೀಪಗಳನ್ನು ಆಳುತ್ತಿತ್ತು. ಹುರಿಯನ್ನೆಲ್ಲ ತನಗೇ, ತಾನು ಹೇಳಿದ ದರಕ್ಕೇ ಕೊಡಬೇಕೆಂಬ ಏಕಸ್ವಾಮ್ಯ ಹೇರಿತು. ಬೇಸತ್ತ ಅಮಿನಿ ಕಡೆಯವರು 1780ರ ದಶಕದಲ್ಲಿ ಮಂಗಳೂರಿಗೆ ಬಂದು ಟಿಪ್ಪುವಿನ ಮೊರೆಹೊಕ್ಕರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಹೀಗೆ ಮೈಸೂರಿನ ವಶಕ್ಕೆ ಬಂದವು. ದಕ್ಷಿಣದ ದ್ವೀಪಗಳು ಕಣ್ಣೂರಿನ ವಶದಲ್ಲೇ ಉಳಿದವು. ಅಮಿನಿ ಕಡೆಯ ಅಡುಗೆಮನೆ ಮಂಗಳೂರಿಗೆ ಗಂಟುಬಿದ್ದ ಬಗೆ ಇದು.

ಕಂಪನಿ ಬಂದ ಮೇಲೆ ದೊರೆ ಬದಲಾದ, ಪದ್ಧತಿ ಉಳಿಯಿತು. ಹುರಿ ಮಂಗಳೂರಿನ ಸರ್ಕಾರಿ ಉಗ್ರಾಣಕ್ಕೇ ಬರಬೇಕು, ಬದಲಿಗೆ ನಿಗದಿತ ದರದಲ್ಲಿ ಅಕ್ಕಿ. ಸರ್ಕಾರದ ಕಡತಗಳಲ್ಲಿ ಇದನ್ನು ದ್ವೀಪದವರಿಗೆ ಮಾಡಿದ ಉಪಕಾರದಂತೆ ಬರೆದುಕೊಂಡದ್ದುಂಟು. ಪೇಟೆಯಲ್ಲಿ ಬೆಲೆ ಏರಿದರೂ ಇಳಿದರೂ ಅಕ್ಕಿ ಸಿಕ್ಕೇ ಸಿಗುತ್ತದೆ ಎಂಬುದು ಅದರ ಸಮರ್ಥನೆ. ಮಾಡಿದ ಮಾಲಿಗೆ ಬೆಲೆ ಕಟ್ಟುವವನೂ ಊಟಕ್ಕೆ ಬೆಲೆ ಕಟ್ಟುವವನೂ ಒಬ್ಬನೇ ಆದರೆ ಅದು ಎಂಥ ಉಪಕಾರ ಎಂಬುದು ದಲ್ಲಾಳಿಯ ಕೈಯಲ್ಲಿ ಅಡಿಕೆ ಕೊಟ್ಟು ಸಾಮಾನು ತರುತ್ತಿದ್ದ ನಮ್ಮ ಅಜ್ಜಂದಿರಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತನೇ ಶತಮಾನದಲ್ಲೂ ಈ ಹುರಿ–ಅಕ್ಕಿ ವಹಿವಾಟು ನಡೆದೇ ಇತ್ತು.

ಎಲ್ಲಕ್ಕೂ ಗಡುವು ಹಾಕುತ್ತಿದ್ದುದು ಮುಂಗಾರು. ಇಂದಿಗೂ ಮೇ 15ಕ್ಕೆ ಮಂಜಿಗಳ ಓಡಾಟ ನಿಲ್ಲುತ್ತದೆ, ಮತ್ತೆ ಶುರುವಾಗುವುದು ಸೆಪ್ಟೆಂಬರ್ 15ಕ್ಕೆ. ಮೇ 15ರೊಳಗೆ ನಾಲ್ಕು ತಿಂಗಳ ಅಕ್ಕಿ, ಬೇಳೆ, ಎಣ್ಣೆ, ಸಿಮೆಂಟು ದ್ವೀಪ ಸೇರಿರಬೇಕು. ಘಟ್ಟದ ಮನೆಗಳಲ್ಲಿ ಇದೇ ಹೊತ್ತಿಗೆ ನಡೆಯುವ ಗಡಿಬಿಡಿ ಇದಕ್ಕಿಂತ ಬೇರೆಯಲ್ಲ. ಹಲಸಿನ ಸೊಳೆ ಉಪ್ಪಿಗೆ ಬೀಳಬೇಕು, ಹಪ್ಪಳ ಒಣಗಬೇಕು, ಅಪ್ಪೆಮಿಡಿ ಜಾಡಿ ಸೇರಬೇಕು, ಮುರುಗಲ ಸಿಪ್ಪೆ ಅಟ್ಟ ಏರಬೇಕು, ಕೊಟ್ಟಿಗೆಗೆ ಸೌದೆ ತುಂಬಬೇಕು. 2021ರ ಜುಲೈನಲ್ಲಿ ಅರಬೈಲ್ ಘಟ್ಟ ಕುಸಿದು, ಗುಳ್ಳಾಪುರದ ಸೇತುವೆ ಗಂಗಾವಳಿಯಲ್ಲಿ ಕೊಚ್ಚಿಹೋದಾಗ ಅಟ್ಟದ ಮೇಲಿದ್ದುದರ ಬೆಲೆ ಏನೆಂದು ಹೊಸ ತಲೆಮಾರಿಗೂ ತಿಳಿಯಿತು. ಒಂದು ವ್ಯತ್ಯಾಸ: ನಮಗೆ ತೋಟದಲ್ಲಿ ಕೆಸುವಿನ ಸೊಪ್ಪಾದರೂ ಇತ್ತು.

1956ರ ನವೆಂಬರ್ 1ರಂದು ದಕ್ಷಿಣ ಕೆನರಾ ಮೈಸೂರು ರಾಜ್ಯಕ್ಕೆ, ಮಲಬಾರು ಕೇರಳಕ್ಕೆ, ದ್ವೀಪಗಳು ಕೇಂದ್ರದ ಕೈಗೆ ಹೋದವು. ಆಡಳಿತ ಮೊದಲು ಕೋಝಿಕ್ಕೋಡಿನಿಂದ, 1964ರಿಂದ ಕವರತ್ತಿಯಿಂದ ನಡೆಯಿತು. ಹೆಸರು ಲಕ್ಷದ್ವೀಪ ಎಂದಾದದ್ದು 1973ರಲ್ಲಿ. ಪ್ರಯಾಣಿಕರ ಹಡಗುಗಳು ಹೆಚ್ಚಾಗಿ ಕೊಚ್ಚಿಯನ್ನು ಹಿಡಿದವು, 1988ರಲ್ಲಿ ಅಗತ್ತಿಗೆ ವಿಮಾನ ನಿಲ್ದಾಣವೂ ಬಂತು. ಆದರೆ ಜಲ್ಲಿಕಲ್ಲನ್ನು, ಆಡುಗಳನ್ನು, ಬಾಳೆಗೊನೆಯನ್ನು ವಿಮಾನ ಹೊರುವುದಿಲ್ಲ. ದೊಡ್ಡ ಹಡಗು ಹವಳದ ದಂಡೆಯ ಹೊರಗೇ ಲಂಗರು ಹಾಕಬೇಕು. ಇನ್ನೂರು ಮುನ್ನೂರು ಟನ್ ಹೊರುವ ಮಂಜಿ ದಂಡೆಯ ಸಂದಿನಲ್ಲಿ ನುಸುಳಿ ಲಗೂನಿನೊಳಗೇ ಹೋಗಬಲ್ಲದು. ಈ ಒಂದು ಅನುಕೂಲ ಅದನ್ನು ಇಷ್ಟು ಕಾಲ ಬದುಕಿಸಿದೆ. ನಡುವೆ ಅದಕ್ಕೆ ಎಂಜಿನ್ ಬಂತು, ಹಾಯಿ ಸಣ್ಣದಾಯಿತು. ಸರ್ಕಾರಿ ಕಾಗದದಲ್ಲಿ ಮಾತ್ರ ಅದಿನ್ನೂ ‘ಯಾಂತ್ರೀಕೃತ ಹಾಯಿ ಹಡಗು’.

ಮಂಜಿಯ ಮೇಲಿನ ಸಂಸಾರ ಹೇಳುತ್ತೇನೆ. ಆರೆಂಟು ಜನ. ಯಜಮಾನ ಟಂಡೇಲ, ಎಂಜಿನ್ನಿಗೊಬ್ಬ ಡ್ರೈವರ್, ಅಡುಗೆಗೆ ಭಂಡಾರಿ, ಉಳಿದವರು ಖಲಾಸಿಗಳು. ಗುಜರಾತಿನವರು, ತಮಿಳುನಾಡಿನವರು ಈಗ ಹೆಚ್ಚು. ಹಿಂಭಾಗದ ಗೂಡಿನಲ್ಲಿ ಒಲೆ, ಅದರ ಪಕ್ಕ ನೀರಿನ ಡ್ರಮ್ಮುಗಳು. ಕುಡಿಯುವ ನೀರನ್ನು ಯಾರೂ ಕೈಕಾಲಿಗೆ ಸುರಿದುಕೊಳ್ಳುವಂತಿಲ್ಲ, ಪಾತ್ರೆಗೂ ಮೈಗೂ ಸಮುದ್ರದ್ದೇ. ಅನ್ನ ದಿನವೂ ಉಂಟು, ಪಲ್ಯ ಮೊದಲ ದಿನ ಮಾತ್ರ ಭರ್ಜರಿ. ಸೊಪ್ಪು ಮೊದಲು ಬಾಡುತ್ತದೆ, ಆಮೇಲೆ ಟೊಮೆಟೊ; ಕುಂಬಳ, ಈರುಳ್ಳಿ, ಬಟಾಟೆ ಕೊನೆಯವರೆಗೂ ಜೊತೆ ಬರುತ್ತವೆ. ಹಿಂದೆ ಗಾಳ ಇಳಿಬಿಟ್ಟಿರುತ್ತಾರೆ, ಇಸ್ವಾಣ ಸಿಕ್ಕಿದ ದಿನ ಹಬ್ಬ. ಶೌಚಕ್ಕೆ ಹಡಗಿನ ಹಿಂಬದಿಯಲ್ಲಿ ಸಮುದ್ರದ ಮೇಲೆ ತೂಗುವ ಮರದ ಪೆಟ್ಟಿಗೆ. ವಿಹಾರದ ದೋಣಿಗಳ ವಿಡಿಯೋದಲ್ಲಿ ಈ ಭಾಗ ಬರುವುದಿಲ್ಲ! ಡೆಕ್ಕಿನ ಮೇಲೆ ಆಡು, ದನ, ಅವುಗಳ ಹುಲ್ಲು. ತಳದಲ್ಲಿ ಸಿಮೆಂಟು, ಕಬ್ಬಿಣ, ಅಕ್ಕಿ ಮೂಟೆ. ಹುಬ್ಬಳ್ಳಿ ಕಡೆಯಿಂದ ನಮ್ಮ ಮನೆಯೆದುರೇ ಅರಬೈಲ್ ಇಳಿದು ಮಂಗಳೂರು ಸೇರುವ ಈರುಳ್ಳಿ ಲಾರಿಗಳ ಒಂದಷ್ಟು ಚೀಲ ಅದರಲ್ಲಿ ಇದ್ದರೆ ಆಶ್ಚರ್ಯವಿಲ್ಲ.

ಎಂಜಿನ್ ಸರಿಯಿದ್ದರೆ ಒಂದೂವರೆ ದಿನದ ದಾರಿ. ಗಾಳಿಯನ್ನೇ ನಂಬಿದ್ದ ಕಾಲದಲ್ಲಿ ಎಷ್ಟು ದಿನ ಎಂದು ಹೊರಡುವಾಗ ಯಾರೂ ಹೇಳುತ್ತಿರಲಿಲ್ಲ. ರಾತ್ರಿ ನೆಲದಿಂದ ಬೀಸುವ ಗಾಳಿ ಹಿಡಿದು ಅಳಿವೆಬಾಗಿಲು ದಾಟುವುದು, ಮಧ್ಯಾಹ್ನ ಸಮುದ್ರದ ಗಾಳಿ ಎದುರಾದಾಗ ಓರೆಯಾಗಿ ಸಾಗುವುದು. ಕುಮಟಾ, ತದಡಿ, ಹೊನ್ನಾವರದಿಂದ ಅಕ್ಕಿ, ಮರ, ಹೆಂಚು ಹೊತ್ತು ಮುಂಬೈಗೆ ಹೋಗುತ್ತಿದ್ದ ಪತ್ತೇಮಾರಿ, ಮಚವೆಗಳ ವಿದ್ಯೆಯೂ ಇದೇ. ನಮ್ಮ ಜಿಲ್ಲೆಯಲ್ಲಿ ಅದು ಪೂರಾ ಹೋಯಿತು, ಮಂಗಳೂರಿನಲ್ಲಿ ದ್ವೀಪಗಳ ಹಸಿವಿನಿಂದಾಗಿ ಉಳಿಯಿತು.

ಹಾಯಿಯ ಸಾಹಸಕ್ಕೆ ದೇಶದಲ್ಲಿ ಗೌರವವಿಲ್ಲ ಎಂದಲ್ಲ. ನೌಕಾಪಡೆಯ ದಿಲೀಪ್ ದೋಂದೆ 2009ರ ಆಗಸ್ಟಿನಲ್ಲಿ ಮುಂಬೈ ಬಿಟ್ಟು, ನಾಲ್ಕು ಬಂದರುಗಳಲ್ಲಿ ಮಾತ್ರ ತಂಗಿ, ಒಬ್ಬರೇ ಭೂಮಿ ಸುತ್ತಿ 2010ರ ಮೇನಲ್ಲಿ ಮರಳಿದರು. ಅವರ ದೋಣಿ ಗೋವೆಯಲ್ಲಿ ಕಟ್ಟಿದ ‘ಮಾದೇಯಿ’; ಖಾನಾಪುರದ ಕಾಡಿನಲ್ಲಿ ಹುಟ್ಟಿ, ನಮ್ಮಲ್ಲಿ ಬರೀ ವ್ಯಾಜ್ಯದಿಂದಲೇ ಹೆಸರಾದ ಮಹದಾಯಿ ನದಿಯ ಹೆಸರೇ ಅದು. ಅದೇ ದೋಣಿಯಲ್ಲಿ ಅಭಿಲಾಷ್ ಟಾಮಿ 2012–13ರಲ್ಲಿ ಎಲ್ಲಿಯೂ ನಿಲ್ಲದೆ ಸುತ್ತಿ ಬಂದರು. ಕುಡಿಯುವ ನೀರಿಗೆ ಡೀಸೆಲ್ ಬೆರೆತು, ಮಳೆನೀರು ಹಿಡಿದು ಕುಡಿಯಬೇಕಾಯಿತು. 2017–18ರಲ್ಲಿ ‘ತಾರಿಣಿ’ಯಲ್ಲಿ ಆರು ಮಹಿಳಾ ಅಧಿಕಾರಿಗಳು, 2024–25ರಲ್ಲಿ ದಿಲ್ನಾ ಮತ್ತು ರೂಪಾ ಇಬ್ಬರೇ ಭೂಮಿ ಸುತ್ತಿದರು. ಇವರಿಗೆ ಸಂದ ಚಪ್ಪಾಳೆ ನ್ಯಾಯವಾದದ್ದೇ. ಮಂಜಿಯ ಖಲಾಸಿಗೆ ಚಪ್ಪಾಳೆ ಬೇಡ, ಸರಿಯಾದ ಜೀವರಕ್ಷಕ ಜಾಕೆಟ್ಟು, ವಿಮೆ ಸಿಕ್ಕರೆ ಸಾಕು.

ಯಾಕೆಂದರೆ ಅಪಾಯ ಇರುವುದು ಗಡುವಿನ ಹತ್ತಿರದ ದಿನಗಳಲ್ಲೇ. 2025ರ ಮೇ 12ರಂದು, ಓಡಾಟ ನಿಲ್ಲಲು ಮೂರು ದಿನ ಇರುವಾಗ, ಸಿಮೆಂಟು ಮತ್ತು ಕಟ್ಟಡ ಸಾಮಗ್ರಿ ತುಂಬಿಕೊಂಡು ‘ಸಲಾಮತ್’ ಎಂಬ ಮಂಜಿ ಮಂಗಳೂರಿನಿಂದ ಕಡಮತ್ ದ್ವೀಪಕ್ಕೆ ಹೊರಟಿತು. ದಾರಿಯಲ್ಲಿ ನೀರು ನುಗ್ಗಿ ಮುಳುಗಿತು. ಸಣ್ಣ ದೋಣಿಗೆ ಇಳಿದು ತೇಲುತ್ತಿದ್ದ ಆರು ಮಂದಿಯನ್ನು ಆ ಕಡೆ ಸಾಗುತ್ತಿದ್ದ ಹಡಗೊಂದು ಕಂಡು ತಿಳಿಸಿತು, ಕರಾವಳಿ ರಕ್ಷಣಾ ಪಡೆಯ ‘ವಿಕ್ರಮ್’ ಮೇ 14ರಂದು ಅವರನ್ನು ಎತ್ತಿಕೊಂಡಿತು. ಆರೂ ಜನ ಬದುಕಿದರು. ಮೇ ತಿಂಗಳಿನಲ್ಲಿ ಕೊನೆಯದೊಂದು ಸಲ ಹೋಗಿಬಂದರೆ ಮಳೆಗಾಲದ ನಾಲ್ಕು ತಿಂಗಳಿಗೆ ಅಷ್ಟಾದರೂ ಕೈಯಲ್ಲಿರುತ್ತದೆ ಎಂಬ ಲೆಕ್ಕಾಚಾರ ಇಂಥ ಪ್ರಯಾಣಗಳನ್ನು ಹೊರಡಿಸುತ್ತದೆ. ಅದನ್ನು ದುರಾಸೆ ಎನ್ನಲು ನನಗೆ ಮನಸ್ಸಿಲ್ಲ.

ಈಗ ಗಾಳಿ ಮತ್ತೆ ಮಂಗಳೂರಿನ ಕಡೆ ತಿರುಗಿದಂತಿದೆ. 2021ರಲ್ಲಿ ದ್ವೀಪದ ಆಡಳಿತ ಬೇಪೂರು ಬಂದರಿನ ಸರಕನ್ನು ಮಂಗಳೂರಿಗೆ ಹೊರಳಿಸಲು ಹೊರಟಾಗ ಕೇರಳದಲ್ಲಿ ದೊಡ್ಡ ಗಲಾಟೆಯಾಯಿತು. ಆಂದ್ರೋತ್‌ನಲ್ಲಿ ಆಹಾರ ನಿಗಮದ ಉಗ್ರಾಣ ತೆರೆದಾಗ ಅಕ್ಕಿ ಹೋದದ್ದು ಮಂಗಳೂರಿನಿಂದಲೇ. 2024ರ ಮೇನಲ್ಲಿ ‘ಪರಳಿ’ ಎಂಬ ವೇಗದ ಹಡಗು ಲಕ್ಷದ್ವೀಪದಿಂದ ಜನರನ್ನು ಹೊತ್ತು ಏಳೇ ಗಂಟೆಯಲ್ಲಿ ಹಳೆ ಬಂದರಿಗೆ ಬಂತು. ದ್ವೀಪದ ಹಡಗುಗಳಿಗೆಂದೇ ಪ್ರತ್ಯೇಕ ಜೆಟ್ಟಿ ಸಾಗರಮಾಲಾ ಯೋಜನೆಯಲ್ಲಿ ಸೇರಿದೆ. ಜೆಟ್ಟಿಯ ಜೊತೆಗೆ ಮಂಜಿಯವರಿಗೊಂದು ತಂಗುಮನೆ, ಸಿಹಿನೀರಿನ ನಲ್ಲಿ, ಹೊರಡುವ ಮುನ್ನ ಹಡಗಿನ ತಳ ನೋಡಿ ಹೇಳುವ ವ್ಯವಸ್ಥೆ ಇವಿಷ್ಟನ್ನು ಕರ್ನಾಟಕ ಸರ್ಕಾರ ಕೇಳಿ ಮಾಡಿಸಬೇಕು.

ಸೆಪ್ಟೆಂಬರ್ 15ರ ನಂತರ ಮಂಗಳೂರಿಗೆ ಹೋಗುವ ಕೆಲಸವಿದ್ದರೆ, ಪಣಂಬೂರು ಬೀಚಿಗೆ ಹೋಗುವ ಮೊದಲು ಹಳೆ ಬಂದರಿನ ಧಕ್ಕೆಗೆ ಒಂದು ಗಳಿಗೆ ಹೋಗಿ ಬನ್ನಿ. ಮಂಜಿಗೆ ಮೂಟೆ ಏರಿಸುವುದು ಹಗಲೆಲ್ಲ ನಡೆಯುತ್ತಿರುತ್ತದೆ.