ಸ್ಟುಡಿಯೋ ಛಾಯಾಗ್ರಹಣದ ಶಿಕ್ಷಣದಲ್ಲಿ ಸ್ಥಿರವಸ್ತುವಿನ ಸ್ಥಾನ

ಛಾಯಾಗ್ರಹಣವನ್ನು ಕ್ರಮವಾಗಿ ಕಲಿಯಬಂದವರಿಗೆ ಮೊದಲ ದಿನಗಳಲ್ಲಿ ಒಂದು ಮೇಜು, ಒಂದು ದೀಪ, ಒಂದು ಹಾಳೆ ಬಿಳಿಯ ಕಾಗದ, ಅದರ ಮೇಲಿಡಲು ಒಂದು ಕೋಳಿಮೊಟ್ಟೆ ಇಷ್ಟನ್ನೇ ಕೊಟ್ಟು ಚಿತ್ರ ತೆಗೆಯಿರೆಂದು ಹೇಳುವ ಪದ್ಧತಿ ಅನೇಕ ಶಾಲೆಗಳಲ್ಲಿ ಉಂಟು. ಜಾತ್ರೆಯ ತೇರನ್ನೋ ಬೀದಿಯ ಜನಸಂದಣಿಯನ್ನೋ ಬೆಟ್ಟದ ಮೇಲಣ ಸೂರ್ಯೋದಯವನ್ನೋ ಸೆರೆಹಿಡಿಯುವ ಹಂಬಲದಿಂದ ಬಂದವರಿಗೆ ಇದರಿಂದ ನಿರಾಶೆಯಾಗುವುದು ಸಹಜವೇ ಸರಿ. ಅದೂ ಅಲ್ಲದೆ, ಕೈಯಲ್ಲಿರುವ ಯಂತ್ರವೇ ಬೆಳಕನ್ನಳೆದು, ನಾಭಿಯನ್ನು ಹೊಂದಿಸಿ, ಬಣ್ಣವನ್ನು ತಿದ್ದಿ ಕೊಡುತ್ತಿರುವ ಈ ಕಾಲದಲ್ಲಿ ಇಂತಹ ಅಭ್ಯಾಸದಿಂದ ಪ್ರಯೋಜನವೇನು ಎಂಬ ಪ್ರಶ್ನೆಯೂ ಏಳುತ್ತದೆ. ಈ ಪ್ರಶ್ನೆ ಉಪೇಕ್ಷಿಸತಕ್ಕುದಲ್ಲ. ಸ್ಥಿರವಸ್ತುವಿನ ಅಭ್ಯಾಸವು ಸುಂದರವಾದ ಚಿತ್ರಗಳನ್ನು ತೆಗೆಯುವುದಕ್ಕಾಗಿ ಇರುವುದಲ್ಲ, ಬೆಳಕಿನ ಕಾರಣವನ್ನೂ ಅದರ ಕಾರ್ಯವನ್ನೂ ಬೇರೆಬೇರೆಯಾಗಿ ಕಾಣಲು ಕಣ್ಣಿಗೆ ಕೊಡುವ ಶಿಕ್ಷಣ ಎಂಬುದು ನಮ್ಮ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ಆಧಾರಗಳೇನೆಂಬುದನ್ನು ಇಲ್ಲಿ ಸಂಗ್ರಹವಾಗಿ ವಿವರಿಸುತ್ತೇವೆ.

೧

ಛಾಯಾಗ್ರಹಣದ ಇತಿಹಾಸವೇ ಒಂದು ದೃಷ್ಟಿಯಿಂದ ಸ್ಥಿರವಸ್ತುವಿನೊಡನೆ ಆರಂಭವಾಗುತ್ತದೆ. ಫ್ರಾನ್ಸಿನ ಲೂಯಿ ದಾಗೆರ್ ತನ್ನ ವಿಧಾನವು ೧೮೩೯ರಲ್ಲಿ ಲೋಕಕ್ಕೆ ಪ್ರಕಟವಾಗುವುದಕ್ಕೆ ಎರಡು ವರ್ಷ ಮೊದಲೇ, ೧೮೩೭ರಲ್ಲಿ, ಕಿಟಕಿಯ ಬಳಿ ಪ್ಲಾಸ್ಟರಿನ ಎರಕದ ಶಿಲ್ಪಗಳನ್ನು ಜೋಡಿಸಿ ತೆಗೆದ ಚಿತ್ರವೊಂದು ಇಂದಿಗೂ ಉಳಿದಿದೆ. ಆಗಿನ ಫಲಕಗಳು ಬೆಳಕನ್ನು ಬಹಳ ನಿಧಾನವಾಗಿ ಸ್ವೀಕರಿಸುತ್ತಿದ್ದುದರಿಂದ ಅಲುಗದ ವಸ್ತುವೇ ಬೇಕಾಗಿತ್ತು. ಬಿಳಿಯ ಪ್ಲಾಸ್ಟರು ಬೆಳಕನ್ನು ಹೆಚ್ಚಾಗಿ ಹಿಂದಿರುಗಿಸುವುದಾದ್ದರಿಂದ ಅದು ಮತ್ತೂ ಅನುಕೂಲವಾಗಿತ್ತು.

ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ೧೮೪೪ರಿಂದ ೧೮೪೬ರವರೆಗೆ ಬಿಡಿಭಾಗಗಳಲ್ಲಿ ಹೊರತಂದ 'ದಿ ಪೆನ್ಸಿಲ್ ಆಫ್ ನೇಚರ್' ಎಂಬ ಗ್ರಂಥದ ೨೪ ಚಿತ್ರಗಳಲ್ಲಿ ಪಿಂಗಾಣಿ ಪಾತ್ರೆಗಳು, ಗಾಜಿನ ಸಾಮಾನುಗಳು, ಪುಸ್ತಕಗಳ ಸಾಲು, ಹಣ್ಣಿನ ಬುಟ್ಟಿ ಇವೆಲ್ಲವೂ ಇವೆ. ಪಿಂಗಾಣಿಯ ಚಿತ್ರದ ಬಳಿ ಟಾಲ್ಬಟನು ಒಂದು ವಿಚಾರವನ್ನು ಸೂಚಿಸುತ್ತಾನೆ: ಈ ಪಾತ್ರೆಗಳನ್ನು ಕಳ್ಳನು ಒಯ್ದುದಾದರೆ, ಈ ಚಿತ್ರವನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಮುಂದಿಡಬಹುದಲ್ಲವೇ? ಗಾಜಿನ ಚಿತ್ರದ ಬಳಿ ಬೇರೊಂದು ಮಾತು ಬರುತ್ತದೆ: ಬಿಳಿಯ ಪಿಂಗಾಣಿಯನ್ನೂ ಗಾಜನ್ನೂ ಒಟ್ಟಿಗೆ ಇಟ್ಟರೆ ಚಿತ್ರ ಚೆನ್ನಾಗಿ ಬರುವುದಿಲ್ಲ, ಏಕೆಂದರೆ ಗಾಜಿನ ಚಿತ್ರ ಮೂಡತೊಡಗುವುದರೊಳಗೆ ಪಿಂಗಾಣಿಯ ಚಿತ್ರ ಮುಗಿದೇಹೋಗಿರುತ್ತದೆ. ಈ ಎರಡು ಮಾತುಗಳಲ್ಲಿ ನಮ್ಮ ವಿಷಯದ ಸಾರವೇ ಅಡಗಿದೆ ಎನ್ನಬಹುದು. ವಸ್ತುವಿನ ಚಿತ್ರವು ಸಾಕ್ಷ್ಯ ಎಂಬುದು ಒಂದು. ಒಂದೊಂದು ವಸ್ತುವೂ ಬೆಳಕನ್ನು ತನ್ನದೇ ರೀತಿಯಲ್ಲಿ ಸ್ವೀಕರಿಸುತ್ತದೆಂಬುದು ಇನ್ನೊಂದು. ಎರಡನೆಯದನ್ನು ಅರಿಯದವರು ಮೊದಲನೆಯದನ್ನು ನೆರವೇರಿಸಲಾರರು.

೨

ಕಾಲಕ್ರಮದಲ್ಲಿ ಫಲಕಗಳು ಚುರುಕಾಗಿ, ಓಡುವ ಕುದುರೆಯನ್ನೂ ಹಿಡಿಯುವ ಶಕ್ತಿ ಕ್ಯಾಮರಾಕ್ಕೆ ಬಂದಿತು. ಆಗ ಸ್ಥಿರವಸ್ತುವಿನ ಅನಿವಾರ್ಯತೆ ತಪ್ಪಿತು. ಹಾಗಿದ್ದರೂ ಶಾಲೆಗಳು ಅದನ್ನು ಕೈಬಿಡಲಿಲ್ಲವೆಂಬುದು ಗಮನಾರ್ಹವಾದ ಸಂಗತಿ.

ಕ್ಲಾರೆನ್ಸ್ ಎಚ್. ವೈಟ್ ೧೯೧೪ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಸ್ಥಾಪಿಸಿದ ಛಾಯಾಗ್ರಹಣ ಶಾಲೆಯಲ್ಲಿ ರೇಖೆ, ಅವಕಾಶ, ಛಾಯೆಯ ತಾರತಮ್ಯ ಇವುಗಳನ್ನು ಕುರಿತ ರಚನಾಭ್ಯಾಸಗಳಿಗೆ ಪ್ರಾಮುಖ್ಯವಿತ್ತು. ಚಿತ್ರಕಾರ ಮ್ಯಾಕ್ಸ್ ವೆಬರ್ ಅಲ್ಲಿ ಕೆಲಕಾಲ ಬೋಧಿಸಿದರು. ವಿದ್ಯಾರ್ಥಿನಿಯಾಗಿ ಸೇರಿ ಮುಂದೆ ಅಲ್ಲಿಯೇ ಅಧ್ಯಾಪಕಿಯಾದ ಮಾರ್ಗರೆಟ್ ವಾಟ್ಕಿನ್ಸ್ ೧೯೧೯ರ ಸುಮಾರಿನಲ್ಲಿ ಅಡುಗೆಮನೆಯ ತೊಟ್ಟಿ, ತೊಳೆಯದ ಪಾತ್ರೆ, ಮೊಟ್ಟೆ ಇವನ್ನೇ ವಸ್ತುವಾಗಿ ಮಾಡಿಕೊಂಡು ಗಂಭೀರವಾದ ಚಿತ್ರಗಳನ್ನು ರಚಿಸಿದರು. ೧೯೨೧ರಲ್ಲಿ ಆ ಶಾಲೆಗೆ ಸೇರಿದ ಪಾಲ್ ಔಟರ್‌ಬ್ರಿಜ್ ಮರುವರ್ಷವೇ ಅಂಗಿಯ ಕಾಲರೊಂದನ್ನು ಚದುರಂಗದ ಹಾಸಿನಂತಹ ಕಪ್ಪುಬಿಳುಪಿನ ಚೌಕಗಳ ಮೇಲಿಟ್ಟು ತೆಗೆದ ಜಾಹೀರಾತಿನ ಚಿತ್ರವು ಇಂದಿಗೂ ಪಾಠಪುಸ್ತಕಗಳಲ್ಲಿ ಉಲ್ಲೇಖಗೊಳ್ಳುತ್ತದೆ. ಬೆಲೆಬಾಳುವ ವಸ್ತುವಿನಿಂದಲ್ಲ, ವಸ್ತುವನ್ನಿಡುವ ಕ್ರಮದಿಂದ ಚಿತ್ರವಾಗುತ್ತದೆಂಬುದಕ್ಕೆ ಇವು ನಿದರ್ಶನಗಳು.

ಜರ್ಮನಿಯ ಬೌಹೌಸ್ ಶಾಲೆಯಲ್ಲಿ ೧೯೨೯ರಲ್ಲಿ ಛಾಯಾಗ್ರಹಣಕ್ಕೆ ಪ್ರತ್ಯೇಕ ಬೋಧನೆ ಏರ್ಪಟ್ಟಾಗ ಅದರ ಹೊಣೆ ಹೊತ್ತವರು ವಾಲ್ಟರ್ ಪೀಟರ್‌ಹಾನ್ಸ್. ಗಣಿತವನ್ನೂ ಅಭ್ಯಸಿಸಿದ್ದ ಇವರು ಛಾಯೆಯ ಸೂಕ್ಷ್ಮಭೇದಗಳನ್ನು ಬಿಟ್ಟುಕೊಡದ ಕಟ್ಟುನಿಟ್ಟಿನ ಅಧ್ಯಾಪಕರು. ಗಾಜು, ಬಟ್ಟೆ, ದಾರ, ಲೋಹ ಮೊದಲಾದವುಗಳ ಮೇಲ್ಮೈಯ ಗುಣವನ್ನು ಬೆಳಕೊಂದರಿಂದಲೇ ಹೊರಪಡಿಸುವುದು ಇವರ ಶಿಕ್ಷಣದ ತಿರುಳು. ಬರ್ಲಿನ್ನಿನಲ್ಲಿ ಇವರ ಬಳಿ ಖಾಸಗಿಯಾಗಿ ಕಲಿತ ಗ್ರೇಟೆ ಸ್ಟೆರ್ನ್ ಮತ್ತು ಎಲೆನ್ ಔಎರ್‌ಬಾಖ್ ಎಂಬ ಇಬ್ಬರು ವಿದ್ಯಾರ್ಥಿನಿಯರು, ಗುರುವು ಬೌಹೌಸಿಗೆ ತೆರಳಿದ ಮೇಲೆ, ತಮ್ಮ ಬಾಲ್ಯದ ಅಡ್ಡಹೆಸರುಗಳನ್ನು ಕೂಡಿಸಿ 'ರಿಂಗ್ಲ್ + ಪಿಟ್' ಎಂಬ ಸ್ಟುಡಿಯೋವನ್ನು ನಡೆಸಿದರು. ಕೇಶತೈಲವೊಂದರ ಜಾಹೀರಾತಿಗಾಗಿ ಅವರು ತೆಗೆದ ಚಿತ್ರದಲ್ಲಿ ಅಂಗಡಿಯ ಗೊಂಬೆಯೊಂದು ಸೀಸೆಯನ್ನು ಹಿಡಿದಿದೆ; ಆದರೆ ಹಿಡಿದ ಕೈ ಮಾತ್ರ ಜೀವಂತ ಮನುಷ್ಯರದು. ಗುರುವಿನಿಂದ ಕಲಿತ ಮೇಲ್ಮೈಯ ಪಾಠವು ಇಲ್ಲಿ ವಿನೋದದ ಸಾಧನವಾಗಿದೆ. ೧೯೩೩ರ ರಾಜಕೀಯ ಪರಿಸ್ಥಿತಿಯಿಂದ ಬೌಹೌಸ್ ಮುಚ್ಚಿತು. ಯೆಹೂದ್ಯರಾದ ಈ ಇಬ್ಬರು ವಿದ್ಯಾರ್ಥಿನಿಯರೂ ದೇಶಬಿಟ್ಟು ಹೋಗಬೇಕಾಯಿತು. ಕಲಿತ ವಿದ್ಯೆ ಮಾತ್ರ ಅವರೊಡನೆ ಹೋಯಿತು.

೩

ಇನ್ನು ಸ್ಟುಡಿಯೋದ ಮೇಜಿನ ಮುಂದೆ ವಿದ್ಯಾರ್ಥಿ ಕಲಿಯುವುದೇನೆಂಬುದನ್ನು ನೋಡೋಣ. ಹೊರಗಿನ ಲೋಕದಲ್ಲಿ ಬೆಳಕು, ವಸ್ತು, ನೋಡುವವರ ಸ್ಥಾನ ಮೂರೂ ಒಮ್ಮೆಗೇ ಬದಲಾಗುತ್ತವೆ. ಸ್ಟುಡಿಯೋದಲ್ಲಾದರೋ ಎರಡನ್ನು ಕಟ್ಟಿಹಾಕಿ ಒಂದನ್ನೇ ಬದಲಿಸಬಹುದು. ವಿಜ್ಞಾನದ ಪ್ರಯೋಗಶಾಲೆಗೂ ಇದಕ್ಕೂ ಇರುವ ಸಾಮ್ಯ ಕೇವಲ ಉಪಮೆಯಲ್ಲ.

ಮೊದಲನೆಯದು ದೂರದ ಪಾಠ. ಸಣ್ಣ ದೀಪದ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಂದುತ್ತದೆಂಬ ನಿಯಮವನ್ನು ಶಾಲೆಯಲ್ಲಿಯೇ ಎಲ್ಲರೂ ಓದಿರುತ್ತಾರೆ. ದೀಪವನ್ನು ವಸ್ತುವಿನಿಂದ ೫೦ ಸೆಂಟಿಮೀಟರ್ ದೂರದಲ್ಲಿಟ್ಟು, ಹಿನ್ನೆಲೆಯ ಪರದೆ ದೀಪದಿಂದ ೧ ಮೀಟರ್ ದೂರದಲ್ಲಿದ್ದರೆ, ಪರದೆಗೆ ಬೀಳುವ ಬೆಳಕು ವಸ್ತುವಿಗೆ ಬೀಳುವುದರ ಕಾಲುಭಾಗ ಮಾತ್ರ. ವಸ್ತುವನ್ನೂ ಪರದೆಯನ್ನೂ ಅಲುಗಿಸದೆ ದೀಪವನ್ನು ಮಾತ್ರ ೨ ಮೀಟರಿಗೆ ಸರಿಸಿದರೆ ಪರದೆಗೆ ಸುಮಾರು ಮೂರನೆಯ ಎರಡು ಭಾಗ ದೊರೆಯುತ್ತದೆ. ಮೊದಲಲ್ಲಿ ಕಪ್ಪಾಗಿ ಕಂಡ ಹಿನ್ನೆಲೆ ಈಗ ಬೂದು ಬಣ್ಣಕ್ಕೆ ತಿರುಗುತ್ತದೆ. ಪರದೆ ಅದೇ, ದೀಪ ಅದೇ, ಬದಲಾದುದು ದೂರವೊಂದೇ. ಕಾಗದದ ಮೇಲಣ ಸೂತ್ರ ಕಣ್ಣಿನ ಅನುಭವವಾಗುವುದು ಹೀಗೆ.

ಎರಡನೆಯದು ಬೆಳಕಿನ ಗಾತ್ರದ ಪಾಠ. ನೆರಳಿನ ಅಂಚು ಕತ್ತರಿಸಿದಂತಿರುವುದೋ ಕರಗಿದಂತಿರುವುದೋ ಎಂಬುದನ್ನು ನಿರ್ಣಯಿಸುವುದು ದೀಪದ ಪ್ರಖರತೆಯಲ್ಲ, ವಸ್ತುವಿನ ಕಡೆಯಿಂದ ನೋಡಿದಾಗ ದೀಪ ಎಷ್ಟು ಅಗಲವಾಗಿ ಕಾಣುತ್ತದೆಂಬುದು. ಸೂರ್ಯನು ಅಗಾಧ ಗಾತ್ರದವನಾದರೂ ನಮ್ಮ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟೇ ಅಗಲವಾಗಿ ಕಾಣುವುದರಿಂದ ಬಿಸಿಲಿನ ನೆರಳು ಕಠಿಣವಾಗಿರುತ್ತದೆ. ಮೋಡ ಕವಿದಾಗ ಆಕಾಶವೆಲ್ಲವೂ ದೀಪವಾಗಿ ನೆರಳು ಮಾಯವಾಗುತ್ತದೆ. ಒಂದು ಮೀಟರ್ ಅಗಲದ ತೆಳುಬಟ್ಟೆಯನ್ನು ಮೊಟ್ಟೆಯ ಬಳಿ ಹಿಡಿದು, ಅದರ ಹಿಂದೆ ದೀಪವನ್ನಿಟ್ಟರೆ ಈ ಎರಡು ಹವೆಗಳನ್ನೂ ಮೇಜಿನ ಮೇಲೆಯೇ ತರಬಹುದು.

ಮೂರನೆಯದು ಯಂತ್ರದ ಮಿತಿಯ ಪಾಠ. ವಸ್ತುವಿನಿಂದ ಪ್ರತಿಫಲಿಸಿ ಬಂದ ಬೆಳಕನ್ನಳೆಯುವ ಮೀಟರು ತಾನು ನೋಡುತ್ತಿರುವುದು ನಡುಬೂದು ಬಣ್ಣದ್ದೆಂದು ಭಾವಿಸಿ ಲೆಕ್ಕ ಹಾಕುತ್ತದೆ. ವಾಡಿಕೆಯಲ್ಲಿರುವ ಬೂದು ಕಾರ್ಡು ನೂರಕ್ಕೆ ೧೮ ಭಾಗ ಬೆಳಕನ್ನು ಹಿಂದಿರುಗಿಸುವಂಥದು. ಆದುದರಿಂದ ಮೀಟರಿನ ಮಾತನ್ನು ಹಾಗೆಯೇ ನಂಬಿದರೆ ಬಿಳಿಯ ಕಾಗದದ ಮೇಲಣ ಬಿಳಿಯ ಮೊಟ್ಟೆಯೂ ಬೂದಾಗುತ್ತದೆ, ಕಪ್ಪು ಕಂಬಳಿಯ ಮೇಲಣ ಕಲ್ಲಿದ್ದಲೂ ಬೂದಾಗುತ್ತದೆ. ಬೆಳಕು ಇಮ್ಮಡಿಸುವುದನ್ನು ಒಂದು ಸ್ಟಾಪ್ ಎನ್ನುವುದಾದರೆ, ಬಿಳಿಯದಕ್ಕೆ ಒಂದೆರಡು ಸ್ಟಾಪ್ ಹೆಚ್ಚಾಗಿಯೂ ಕಪ್ಪಿಗೆ ಅಷ್ಟೇ ಕಡಮೆಯಾಗಿಯೂ ಎಕ್ಸ್‌ಪೋಷರ್ ಕೊಡಬೇಕಾಗುತ್ತದೆ. ಮೊಟ್ಟೆ ಬಿಳಿಯದೆಂಬುದು ವಿದ್ಯಾರ್ಥಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಈಚಿನ ಕ್ಯಾಮರಾಗಳು ದೃಶ್ಯವನ್ನು ಗುರುತಿಸಿ ಊಹಿಸಲು ಯತ್ನಿಸುತ್ತವೆಂಬುದು ನಿಜ. ಆದರೆ ಊಹೆಯು ಸರಿಯೋ ತಪ್ಪೋ ಎಂದು ಹೇಳಬೇಕಾದವರು ಈಗಲೂ ವಸ್ತುವನ್ನು ಕಂಡವರೇ.

ನಾಲ್ಕನೆಯದು ಮೇಲ್ಮೈಯ ಪಾಠ. ಮಣ್ಣಿನ ಕುಡಿಕೆ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಬೆಳಗಿದ ಹಿತ್ತಾಳೆಯ ಚೊಂಬು ಹಾಗಲ್ಲ. ಅದು ಉಬ್ಬುಗನ್ನಡಿಯಂತೆ ಕೋಣೆಯನ್ನೂ ದೀಪವನ್ನೂ ಕ್ಯಾಮರಾವನ್ನೂ ಹಿಂದೆ ನಿಂತವರನ್ನೂ ತನ್ನೊಳಗೆ ತೋರಿಸುತ್ತದೆ. ಚೊಂಬಿಗೆ ಬೆಳಕು ಹಾಕುವುದೆಂದರೆ ಚೊಂಬಿನಲ್ಲಿ ಕಾಣುವ ಲೋಕಕ್ಕೆ ಬೆಳಕು ಹಾಕುವುದೆಂದೇ ಅರ್ಥ. ಗಾಜಿನ ಲೋಟಕ್ಕೆ ಇವೆರಡೂ ಸಲ್ಲವು. ಅದರ ಹಿಂದೆ ಬೆಳ್ಳನೆಯ ಹಿನ್ನೆಲೆಯನ್ನಿಟ್ಟು, ಚೌಕಟ್ಟಿನ ಹೊರಗೆ ಎರಡೂ ಪಕ್ಕಗಳಲ್ಲಿ ಕಪ್ಪು ಹಲಗೆಗಳನ್ನು ನಿಲ್ಲಿಸಿದರೆ ಅದರ ಅಂಚು ಕಪ್ಪುಗೆರೆಯಾಗಿ ಮೂಡುತ್ತದೆ. ಹಿನ್ನೆಲೆಯನ್ನು ಕಪ್ಪಾಗಿಸಿ ಪಕ್ಕಗಳನ್ನು ಬೆಳಗಿಸಿದರೆ ಅದೇ ಅಂಚು ಬೆಳ್ಳಿಗೆರೆಯಾಗುತ್ತದೆ. ಇವೆಲ್ಲ ಪರೀಕ್ಷೆಗಳನ್ನೂ ಒಂದೇ ವಸ್ತುವಿನಲ್ಲಿ ಒಡ್ಡಬಲ್ಲದ್ದು ನಮ್ಮ ನಾಡಿನ ಬಿದರಿಯ ಪಾತ್ರೆ. ಸತು ಮುಖ್ಯವಾದ ಮಿಶ್ರಲೋಹದ ಕಪ್ಪು ಮೈ ಬೆಳಕನ್ನು ನುಂಗುತ್ತದೆ. ಅದರಲ್ಲಿ ಕೂರಿಸಿದ ಬೆಳ್ಳಿಯ ಎಳೆ ಕನ್ನಡಿಯಂತೆ ವರ್ತಿಸುತ್ತದೆ. ಬೆಳ್ಳಿಯಲ್ಲಿ ಪ್ರತಿಫಲಿಸಲು ಬೆಳಕಿನ ಹರವು ಇಲ್ಲದೆಹೋದರೆ ಆ ಬಳ್ಳಿಯ ಚಿತ್ತಾರವೇ ಕಪ್ಪಿನಲ್ಲಿ ಮುಳುಗಿಹೋಗುತ್ತದೆ. ಕುಶಲಕರ್ಮಿಯ ಶ್ರಮವು ಚಿತ್ರದಲ್ಲಿ ಉಳಿಯುವುದೂ ಅಳಿಯುವುದೂ ಒಂದು ಹಾಳೆ ಬಿಳಿಯ ಕಾಗದವನ್ನು ಎಲ್ಲಿ ಹಿಡಿದೆವೆಂಬುದರ ಮೇಲೆ ನಿಂತಿದೆ.

೪

ಇಷ್ಟೆಲ್ಲ ಶ್ರಮ ಯಾತಕ್ಕೆ ಎಂಬುದಕ್ಕೆ ಉತ್ತರ ಕೊಡುವ ಕಾಲ ಈಗ ಬಂದಿದೆ. ವಸ್ತುವಿನ ಚಿತ್ರವನ್ನು ನೋಡುವವರಲ್ಲಿ ಬಹುಮಂದಿ ಆ ವಸ್ತುವನ್ನು ಎಂದಿಗೂ ಕಾಣುವುದಿಲ್ಲ. ವಸ್ತುಸಂಗ್ರಹಾಲಯದ ಪಟ್ಟಿ, ಉತ್ಖನನದ ವರದಿ, ಶಾಸನದ ಪ್ರಕಟಣೆ, ಇವುಗಳಲ್ಲಿ ಓದುಗರು ಚಿತ್ರವನ್ನು ವಸ್ತುವಿನ ಬದಲಿಗೆ ಸ್ವೀಕರಿಸುತ್ತಾರೆ. ಸವೆದ ಶಿಲಾಶಾಸನವೊಂದನ್ನು ಎದುರಿನಿಂದ ಬೆಳಗಿಸಿದರೆ ಕಲ್ಲಿನ ಬಯಲಷ್ಟೇ ಕಾಣುತ್ತದೆ. ದೀಪವನ್ನು ಪಕ್ಕಕ್ಕೆ ತಂದು, ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ಬೀಳಿಸಿದರೆ ಪ್ರತಿಯೊಂದು ಗೀರಿನಲ್ಲಿಯೂ ನೆರಳು ತುಂಬಿ ಅಕ್ಷರಗಳು ಎದ್ದುಬರುತ್ತವೆ. ಆದರೆ ಬೆಳಕು ಹರಿಯುವ ದಿಕ್ಕಿನಲ್ಲಿಯೇ ಇರುವ ಗೀರು ಆಗಲೂ ಅಡಗಿಯೇ ಇರಬಹುದು. ಅದಕ್ಕಾಗಿ ಬೇರೊಂದು ದಿಕ್ಕಿನಿಂದ ಮತ್ತೊಮ್ಮೆ ಬೆಳಗಬೇಕು. ಇಷ್ಟೇ ಅಲ್ಲದೆ, ಬೆಳಕು ಮೇಲಿನಿಂದ ಬರುತ್ತದೆಂದು ನಮ್ಮ ಕಣ್ಣು ಸ್ವಭಾವತಃ ಭಾವಿಸುವುದರಿಂದ, ಕೆಳಗಿನಿಂದ ಬೆಳಗಿದ ಕೊರೆತವು ಚಿತ್ರದಲ್ಲಿ ಉಬ್ಬಿನಂತೆ ತೋರಬಹುದು. ಕನ್ನಡದಲ್ಲಿ ಒಂದು ಕೊಂಬು, ಒಂದು ಒತ್ತು, ಒಂದು ದೀರ್ಘದ ವ್ಯತ್ಯಾಸದಿಂದ ಪದವೇ ಬೇರೆಯಾಗುವುದನ್ನು ಬಲ್ಲವರಿಗೆ ಇದರ ಗುರುತ್ವವನ್ನು ವಿವರಿಸಬೇಕಾಗಿಲ್ಲ.

೨೦೦೧ರಲ್ಲಿ ಟಾಮ್ ಮಾಲ್ಜ್‌ಬೆಂಡರ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ವಿಧಾನವೊಂದರಲ್ಲಿ ಕ್ಯಾಮರಾವನ್ನೂ ವಸ್ತುವನ್ನೂ ಅಲುಗಿಸದೆ ದೀಪವನ್ನು ಮಾತ್ರ ಅನೇಕ ದಿಕ್ಕುಗಳಿಂದ ಬೆಳಗಿಸಿ, ಆ ಚಿತ್ರಗಳನ್ನೆಲ್ಲ ಗಣಕಯಂತ್ರದಲ್ಲಿ ಕೂಡಿಸಿ, ನೋಡುವವರು ಬೇಕಾದ ಕಡೆಯಿಂದ ಬೆಳಕು ಹಾಯಿಸಿಕೊಳ್ಳುವಂತೆ ಮಾಡಲಾಯಿತು. ಪ್ರಾಚೀನ ಲಿಪಿಫಲಕಗಳ ಅಧ್ಯಯನಕ್ಕೆ ಇದರಿಂದ ಬಹಳ ನೆರವಾಗಿದೆ. ವಿಚಾರಿಸಿ ನೋಡಿದರೆ ಇದು ಮೊಟ್ಟೆಯ ಪಾಠದ ವಿಸ್ತರಣೆಯೇ ಹೊರತು ಬೇರೆಯಲ್ಲ: ಎರಡನ್ನು ಕಟ್ಟಿಹಾಕಿ ಒಂದನ್ನು ಬದಲಿಸುವುದು.

ಮತ್ತೊಂದು ಸಂಗತಿಯನ್ನೂ ಮರೆಯುವಂತಿಲ್ಲ. ಈಗಿನ ದೂರವಾಣಿಗಳ ಕ್ಯಾಮರಾಗಳು ಹಲವು ಎಕ್ಸ್‌ಪೋಷರುಗಳನ್ನು ಕ್ಷಣದಲ್ಲಿ ಬೆಸೆದು ನೆರಳನ್ನು ತಿಳಿಗೊಳಿಸಿ ಕಣ್ಣಿಗೆ ಹಿತವಾದ ಚಿತ್ರವನ್ನು ಕೊಡುತ್ತವೆ. ಮಾತಿನ ವಿವರಣೆಯಿಂದಲೇ, ಎಂದೂ ಇಲ್ಲದಿದ್ದ ಪಾತ್ರೆಯ ಚಿತ್ರವನ್ನು ರಚಿಸುವ ಯಂತ್ರಗಳೂ ಬಂದಿವೆ. ಇವನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಆದರೆ ಅಕ್ಷರವನ್ನು ಹೊರತರುವ ಓರೆನೆರಳನ್ನೇ ಯಂತ್ರವು ದೋಷವೆಂದು ಬಗೆದು ಅಳಿಸಿಹಾಕಿದರೆ, ಅಳಿಸಿದೆಯೆಂಬುದನ್ನು ಕಂಡುಹಿಡಿಯಲು ನೆರಳಿನ ಸ್ವಭಾವವನ್ನು ಬಲ್ಲ ಕಣ್ಣು ಬೇಕು. ಟಾಲ್ಬಟನ ಕಾಲದಲ್ಲಿ ಚಿತ್ರವು ಸಾಕ್ಷ್ಯವಾದೀತೇ ಎಂಬುದು ಪ್ರಶ್ನೆಯಾಗಿತ್ತು. ಇಂದು ಸಾಕ್ಷ್ಯವನ್ನು ಪರಿಶೀಲಿಸಬಲ್ಲವರು ಉಳಿದಿರುವರೇ ಎಂಬುದು ಪ್ರಶ್ನೆಯಾಗಿದೆ.

ಆದಕಾರಣ ವಿದ್ಯಾರ್ಥಿಗಳು ಒಪ್ಪಿಸುವ ಪ್ರತಿಯೊಂದು ಸ್ಥಿರವಸ್ತುಚಿತ್ರದೊಡನೆ ಬೆಳಕಿನ ನಕ್ಷೆಯೊಂದನ್ನೂ ಒಪ್ಪಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ದೀಪ ಎಲ್ಲಿತ್ತು, ಎಷ್ಟು ದೂರದಲ್ಲಿ, ಯಾವ ಎತ್ತರದಲ್ಲಿ, ಕಾಗದವನ್ನು ಎಲ್ಲಿ ಹಿಡಿಯಲಾಯಿತು, ಬಳಿಕ ಚಿತ್ರದಲ್ಲಿ ಏನನ್ನು ತಿದ್ದಲಾಯಿತು ಇಷ್ಟನ್ನು ಅರ್ಧ ಪುಟದಲ್ಲಿ ಬರೆದಿಡಬಹುದು. ಚಿತ್ರ ಚೆನ್ನಾಗಿದ್ದು ನಕ್ಷೆ ಬರೆಯಲಾಗದಿದ್ದರೆ, ಅದು ಅದೃಷ್ಟದಿಂದ ಬಂದ ಚಿತ್ರ. ಚಿತ್ರ ಸಾಧಾರಣವಾಗಿದ್ದು ನಕ್ಷೆ ಸರಿಯಾಗಿದ್ದರೆ, ಅದನ್ನು ನಾಳೆ ಉತ್ತಮಪಡಿಸುವ ದಾರಿ ಅದರಲ್ಲಿಯೇ ಇದೆ. ಅಧ್ಯಾಪಕರು ಈ ಎರಡನೆಯದಕ್ಕೆ ಹೆಚ್ಚು ಅಂಕ ಕೊಡುವುದು ನ್ಯಾಯ.